ನಾಲ್ಕು ತಿಂಗಳ ಸುಕ್ಕಿನ ಇಂಜೆಕ್ಷನ್‌ಗೆ ಹನ್ನೆರಡು ತಿಂಗಳ ಕಂತು: ಲೆಕ್ಕ ಎಲ್ಲಿ ತಪ್ಪುತ್ತದೆ?

ತಿಪಟೂರು: ಮದುವೆ ಸೀಸನ್ ಹತ್ತಿರ ಬಂದರೆ ಸಾಕು, ಮೊಬೈಲ್ ತೆಗೆದಾಗಲೆಲ್ಲ ಹಣೆಯ ಸುಕ್ಕು ತೆಗೆಯುವ ಇಂಜೆಕ್ಷನ್ ಜಾಹೀರಾತು. ಕ್ಲಿನಿಕ್ ಇರುವುದು ಬೆಂಗಳೂರಲ್ಲೋ ತುಮಕೂರಲ್ಲೋ. ಆದರೆ ಜಾಹೀರಾತು ತಿಪಟೂರು, ತುರುವೇಕೆರೆಯ ಫೋನಿಗೂ ಬರುತ್ತದೆ. ಪೂರ್ತಿ ರೇಟು ಎಷ್ಟು ಅಂತ ದೊಡ್ಡದಾಗಿ ಹಾಕಿರುವುದಿಲ್ಲ. ದೊಡ್ಡ ಅಕ್ಷರದಲ್ಲಿ ಇರುವುದು ತಿಂಗಳ ಕಂತು ಮಾತ್ರ.

ಬೊಟಾಕ್ಸ್ ಅಂದರೆ ಸಿನಿಮಾದವರಿಗೆ ಅನ್ನುವ ಕಾಲ ಹೋಯಿತು. ಗಲ್ಲಾದಲ್ಲಿ ಕೂರುವವರು, ಟೀಚರ್‌ಗಳು, ಮಗಳ ಮದುವೆ ಎದುರಿಗಿಟ್ಟುಕೊಂಡ ತಾಯಂದಿರು ಎಲ್ಲರೂ ವಿಚಾರಿಸುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಅವರ ದುಡ್ಡು, ಅವರ ಮುಖ. ಕೇಳಬೇಕಾದ ಪ್ರಶ್ನೆ ಒಂದೇ: ಈ ಖರ್ಚನ್ನು ನಿಭಾಯಿಸುವ ಸರಿಯಾದ ದಾರಿ ಕಂತಿನ ಸಾಲವಾ?

ಇದು ಖರೀದಿ ಅಲ್ಲ, ಬಾಡಿಗೆ

ಇಂಜೆಕ್ಷನ್‌ನಲ್ಲಿ ಇರುವುದು ಬೊಟುಲಿನಮ್ ಟಾಕ್ಸಿನ್. ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ಇದು ತಡೆಯುತ್ತದೆ. ಸ್ನಾಯು ಸಡಿಲವಾದಾಗ ಮೇಲಿನ ಚರ್ಮದ ಗೆರೆ ಮಾಸುತ್ತದೆ. ಕೆಲವು ದಿನಗಳಲ್ಲಿ ಕೆಲಸ ಶುರು, ಎರಡು ವಾರದ ಹೊತ್ತಿಗೆ ಪೂರ್ತಿ ಪರಿಣಾಮ, ಸಾಮಾನ್ಯವಾಗಿ 3ರಿಂದ 4 ತಿಂಗಳಿಗೆ ಮುಗಿಯುತ್ತದೆ. ಆಮೇಲೆ ಗೆರೆ ಮತ್ತೆ ಬರುತ್ತದೆ. ಹುಬ್ಬು ಗಂಟಿಕ್ಕಿದಾಗ, ನಕ್ಕಾಗ ಬೀಳುವ ಗೆರೆಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಜೋತುಬಿದ್ದ ಚರ್ಮಕ್ಕೆ, ಬಿಸಿಲಿಗೆ ಹಾಳಾದ ಚರ್ಮಕ್ಕೆ ಇದು ಔಷಧಿ ಅಲ್ಲ.

ಒಂದು ಸಲ ಮಾಡಿಸಿದರೆ ಮುಗಿಯಿತು ಅನ್ನುವ ಹಾಗಿಲ್ಲ. ಮುಖ ಹಾಗೇ ಇರಬೇಕು ಅಂದರೆ ವರ್ಷಕ್ಕೆ ಮೂರು ಸಲ ದುಡ್ಡು ಎತ್ತಿಡಬೇಕು.

ಲೆಕ್ಕ ಹಾಕಿ ನೋಡಿ

ಬೊಟಾಕ್ಸ್ ಬ್ರ್ಯಾಂಡಿನಲ್ಲಿ ಹುಬ್ಬುಗಳ ನಡುವಿನ ಗೆರೆಗೆ ಕಂಪನಿ ಹೇಳುವ ಡೋಸ್ 20 ಯೂನಿಟ್. ಲೆಕ್ಕಕ್ಕೆ ಒಂದು ಯೂನಿಟ್‌ಗೆ 300 ರೂ. ಅಂತ ಇಟ್ಟುಕೊಳ್ಳಿ. ಆಯಿತು 6,000 ರೂ. ಆಸ್ಪತ್ರೆ ಚಿಕಿತ್ಸೆಗೆ ಇರುವ ಜಿಎಸ್‌ಟಿ ವಿನಾಯಿತಿ ಬರೀ ಅಂದಕ್ಕಾಗಿ ಮಾಡಿಸುವ ಚಿಕಿತ್ಸೆಗೆ ಸಿಗುವುದಿಲ್ಲ. ಲೆಕ್ಕಕ್ಕೆ ತೆರಿಗೆ ಶೇ 18 ಅಂತ ಇಟ್ಟುಕೊಂಡರೆ 7,080 ರೂ. ಹಣೆ ಮತ್ತು ಕಣ್ಣಂಚು ಕೂಡ ಸೇರಿಸಿದರೆ 64 ಯೂನಿಟ್, ಬಿಲ್ಲು 22,000 ದಾಟುತ್ತದೆ.

ಬರೀ ಹುಬ್ಬಿನ ನಡುವಿನ 7,080 ರೂ. ಅನ್ನೇ ತೆಗೆದುಕೊಳ್ಳೋಣ. 12 ಕಂತು ಮಾಡಿದರೆ ಬಡ್ಡಿ ಬಿಟ್ಟು ತಿಂಗಳಿಗೆ 590 ರೂ. ಕೇಳಲು ಹಗುರ. ನಾಲ್ಕು ತಿಂಗಳಿಗೆ ಪರಿಣಾಮ ಮುಗಿಯಿತು, ಇನ್ನೂ ಎಂಟು ಕಂತು ಬಾಕಿ. ಎರಡನೇ ಸಲ ಮಾಡಿಸಿದರೆ ಕಂತು 1,180 ರೂ. ಎಂಟು ತಿಂಗಳ ನಂತರ ಮೂರನೇ ಸಲ ಮಾಡಿಸಿದರೆ 1,770 ರೂ. ಗೃಹಲಕ್ಷ್ಮಿಯ 2,000 ರೂ. ಹೆಚ್ಚೂಕಡಿಮೆ ಅಲ್ಲಿಗೇ ಹೋಯಿತು. ವರ್ಷ ತುಂಬುವ ಹೊತ್ತಿಗೆ ಮೂರನೇ ಇಂಜೆಕ್ಷನ್ ಪರಿಣಾಮವೂ ಮುಗಿದಿರುತ್ತದೆ, ತಲೆ ಮೇಲೆ ಇನ್ನೂ 7,080 ರೂ. ಸಾಲ ಉಳಿದಿರುತ್ತದೆ.

ನಾಲ್ಕು ತಿಂಗಳಿಗೆ ಎಕ್ಸ್‌ಪೈರಿ ಆಗುವ ಮಾಲನ್ನು ಹನ್ನೆರಡು ತಿಂಗಳ ಸಾಲದಲ್ಲಿ ಯಾವ ಅಂಗಡಿಯವರೂ ತುಂಬಿಸುವುದಿಲ್ಲ. ಇಲ್ಲಿ ನಡೆಯುವುದು ಅದೇ ವ್ಯಾಪಾರ.

'ನೋ ಕಾಸ್ಟ್' ಅಂದರೆ ಪುಕ್ಕಟೆ ಅಲ್ಲ

ಶೂನ್ಯ ಬಡ್ಡಿ ಅನ್ನುವುದೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಬಡ್ಡಿಯನ್ನು ಪ್ರೊಸೆಸಿಂಗ್ ಫೀ ಒಳಗೆ ಸೇರಿಸಿರುತ್ತಾರೆ, ಇಲ್ಲವೇ ನಗದು ಕೊಟ್ಟಿದ್ದರೆ ಸಿಗುತ್ತಿದ್ದ ರಿಯಾಯಿತಿ ನಿಮಗೆ ತಪ್ಪಿರುತ್ತದೆ. ಹಾಗಾಗಿ ಮೊದಲು ಕೇಳಿ: 'ಈಗಲೇ ನಗದು ಕೊಟ್ಟರೆ ಎಷ್ಟು?'

ಬ್ಯಾಂಕ್, ಫೈನಾನ್ಸ್ ಕಂಪನಿಯ ಸಾಲ ಆದರೆ ಸಹಿಗೆ ಮೊದಲೇ 'ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್' ಕೊಡಬೇಕು. ಎಲ್ಲ ಶುಲ್ಕ ಸೇರಿ ವಾರ್ಷಿಕ ವೆಚ್ಚ ಶೇಕಡಾ ಎಷ್ಟು ಅಂತ ಅದರಲ್ಲಿ ಇರಲೇಬೇಕು. ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು ಅನ್ನುವುದೂ ನಿಯಮ. ಕನ್ನಡದಲ್ಲಿ ಕೇಳಿ ಪಡೆಯಿರಿ.

ಮೂರು ಸಿಟ್ಟಿಂಗ್‌ನ ಪ್ಯಾಕೇಜನ್ನು ಒಟ್ಟಿಗೆ ಸಾಲದಲ್ಲಿ ತೆಗೆದುಕೊಳ್ಳುವಾಗ ಇನ್ನೊಂದು ಅಪಾಯ ಇದೆ. ದುಡ್ಡು ಕ್ಲಿನಿಕ್‌ಗೆ ಹೋಗಿರುತ್ತದೆ, ಸಾಲ ನಿಮ್ಮ ಮತ್ತು ಫೈನಾನ್ಸ್ ಕಂಪನಿಯ ನಡುವೆ ಇರುತ್ತದೆ. ನಾಳೆ ಕ್ಲಿನಿಕ್ ಬಾಗಿಲು ಹಾಕಿದರೂ ಕಂತಿನ ಮೆಸೇಜ್ ಬರುವುದು ನಿಲ್ಲುವುದಿಲ್ಲ.

ಅಗ್ಗ ಅಂತ ಹೋದರೆ

ಕಂತು ಬೇಡ, ಅರ್ಧ ರೇಟಿಗೆ ಮಾಡುವವರ ಹತ್ತಿರ ಹೋಗೋಣ ಅನ್ನುವವರೂ ಇದ್ದಾರೆ. ಇದು ಸಾಲಕ್ಕಿಂತ ಅಪಾಯ. ಅಮೆರಿಕದಲ್ಲಿ 2024ರಲ್ಲಿ ನಕಲಿ ಅಥವಾ ಸರಿಯಾಗಿ ಕೊಡದ ಇಂಜೆಕ್ಷನ್‌ನಿಂದ 11 ರಾಜ್ಯಗಳ 22 ಮಹಿಳೆಯರಿಗೆ ತೊಂದರೆ ಆಯಿತು. ಅವರಲ್ಲಿ 11 ಮಂದಿ ಆಸ್ಪತ್ರೆ ಸೇರಿದರು. ಇಂಗ್ಲೆಂಡಿನಲ್ಲಿ 2025ರ ಜೂನ್-ಜುಲೈನಲ್ಲಿ ಇಂಥವೇ 38 ಪ್ರಕರಣ ವರದಿಯಾದವು. ಇಂಜೆಕ್ಷನ್ ಆದ ಮೇಲೆ ರೆಪ್ಪೆ ಜೋತು ಬಿದ್ದು, ಎರಡೆರಡು ಕಾಣುತ್ತಾ, ಮಾತು ತೊದಲುತ್ತಾ, ನುಂಗಲು ಅಥವಾ ಉಸಿರಾಡಲು ಕಷ್ಟ ಆದರೆ ಬೆಳಗಾಗಲಿ ಅಂತ ಕಾಯಬೇಡಿ. ತಕ್ಷಣ ದೊಡ್ಡಾಸ್ಪತ್ರೆಗೆ ಹೋಗಿ.

ಈ ಔಷಧಿಯನ್ನು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಬೊಟಾಕ್ಸ್ ಆದರೆ ಕಲಸಿದ ಮೇಲೆ 24 ಗಂಟೆಯೊಳಗೆ ಬಳಸಬೇಕು ಅಂತ ಕಂಪನಿಯೇ ಹೇಳುತ್ತದೆ. ಇದು ವೈದ್ಯರು ಕೊಡಬೇಕಾದ ಔಷಧಿ. ಬ್ಯೂಟಿ ಪಾರ್ಲರ್‌ನ ಟ್ರೇಡ್ ಲೈಸೆನ್ಸ್ ಇದಕ್ಕೆ ಸಾಲದು. ಗರ್ಭಿಣಿಯರು, ಹಾಲುಣಿಸುವವರು, ಸ್ನಾಯು ದೌರ್ಬಲ್ಯದ ಕಾಯಿಲೆ ಇರುವವರು ಇದರ ತಂಟೆಗೇ ಹೋಗಬಾರದು.

ಹಾಗಾದರೆ ಕೈಗೆಟಕುವ ದಾರಿ ಯಾವುದು?

ಒಂದು: ಮೊದಲು ಜಿಲ್ಲಾಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ಓಪಿಡಿ ಚೀಟಿ ಮಾಡಿಸಿ, ನಿಮ್ಮ ಗೆರೆಗೆ ಇದು ಬೇಕೇ ಅಂತ ಕೇಳಿ. ಎಷ್ಟೋ ಸಲ ಸನ್‌ಸ್ಕ್ರೀನ್ ಮತ್ತು ವೈದ್ಯರು ಬರೆದುಕೊಡುವ ರಾತ್ರಿ ಹಚ್ಚುವ ಕ್ರೀಮ್‌ನಲ್ಲೇ ಸಮಾಧಾನ ಸಿಗಬಹುದು.

ಎರಡು: 'ಏರಿಯಾಗೆ ಇಷ್ಟು' ಅನ್ನುವ ರೇಟು ಒಪ್ಪಬೇಡಿ. ಯಾವ ಬ್ರ್ಯಾಂಡ್, ಎಷ್ಟು ಯೂನಿಟ್, ಯೂನಿಟ್‌ಗೆ ಎಷ್ಟು ಅಂತ ಬರೆಸಿಕೊಳ್ಳಿ. ಬ್ರ್ಯಾಂಡ್ ಬದಲಾದರೆ ಯೂನಿಟ್ಟೂ ಬದಲು. ಬೊಟಾಕ್ಸ್‌ನ 20 ಯೂನಿಟ್ ಜಾಗಕ್ಕೆ ಡಿಸ್ಪೋರ್ಟ್ ಆದರೆ 50 ಯೂನಿಟ್ ಬೇಕು. ಹಾಗಾಗಿ ಯೂನಿಟ್ ರೇಟು ಕಡಿಮೆ ಅಂದ ಮಾತ್ರಕ್ಕೆ ಬಿಲ್ಲು ಕಡಿಮೆ ಆಗುವುದಿಲ್ಲ. ಬಾಟಲಿಯನ್ನು ನಿಮ್ಮ ಎದುರಿಗೇ ತೆಗೆಯಲು ಹೇಳಿ, ಬ್ಯಾಚ್ ನಂಬರ್ ಫೋಟೋ ತೆಗೆದುಕೊಳ್ಳಿ.

ಮೂರು: ಮೂರು ಜಾಗ ಬೇಡ, ಒಂದರಿಂದ ಶುರು ಮಾಡಿ. ಹಿಡಿಸಿದರೆ ಮುಂದೆ ನೋಡಿಕೊಳ್ಳಬಹುದು.

ನಾಲ್ಕು: ಸಾಲ ಮಾಡಿ ಆಮೇಲೆ ಕಟ್ಟುವ ಬದಲು ಮೊದಲೇ ಕೂಡಿಡಿ. ದಿನಕ್ಕೆ 60 ರೂ. ಪಿಗ್ಮಿ ಕಟ್ಟಿದರೆ 120 ದಿನಕ್ಕೆ 7,200 ರೂ., ಒಂದು ಸಲದ ಖರ್ಚು ಸಿಕ್ಕಿತು. ಪಿಗ್ಮಿಯನ್ನು ಅವಧಿಗೆ ಮೊದಲು ತೆಗೆದರೆ ಕಡಿತ ಎಷ್ಟು ಅಂತ ಮೊದಲೇ ಕೇಳಿಕೊಳ್ಳಿ. ಕಂತಿಗೂ ಇದಕ್ಕೂ ವ್ಯತ್ಯಾಸ ಇಷ್ಟೇ: ಮಧ್ಯದಲ್ಲಿ ಮನಸ್ಸು ಬದಲಾದರೆ, ಅಂಗಡಿಗೆ ಮಾಲು ಬೇಕಾದರೆ, ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ದುಡ್ಡು ನಿಮ್ಮದೇ ಇರುತ್ತದೆ.

ವಿಮೆ ನಂಬಿಕೊಳ್ಳಬೇಡಿ. ಅಂದಕ್ಕಾಗಿ ಮಾಡಿಸುವ ಚಿಕಿತ್ಸೆಯನ್ನು ಆರೋಗ್ಯ ವಿಮೆ ಸಾಮಾನ್ಯವಾಗಿ ಹೊರಗಿಡುತ್ತದೆ. ಇದೇ ಔಷಧಿಯನ್ನು ಹಳೆಯ ಮೈಗ್ರೇನ್‌ಗೆ, ಮುಖದ ಸೆಳೆತಕ್ಕೆ ಕೊಡುವುದೂ ಉಂಟು. ಅದು ಕಾಯಿಲೆಯ ಚಿಕಿತ್ಸೆ. ಆಗ ವಿಮೆ ಕಂಪನಿಯನ್ನು ಕೇಳಿ ನೋಡಬಹುದು.

ಮೋಸ ಆದರೆ

ಖಾಸಗಿ ಕ್ಲಿನಿಕ್‌ಗೆ ಕೆಪಿಎಂಇ ಕಾಯ್ದೆಯಡಿ ನೋಂದಣಿ ಕಡ್ಡಾಯ. ನೋಂದಣಿ ವಿವರವನ್ನೂ ದರಪಟ್ಟಿಯನ್ನೂ ಕಾಣುವ ಹಾಗೆ ಹಾಕಿರಬೇಕು. ಇಲ್ಲದಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿಗೆ ದೂರು ಕೊಡಿ. ದುಡ್ಡಿನ ವಿಚಾರಕ್ಕೆ ಗ್ರಾಹಕ ಸಹಾಯವಾಣಿ 1915 ಇದೆ. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಕೊಟ್ಟ ಹಣ 5 ಲಕ್ಷ ರೂ. ಒಳಗಿದ್ದರೆ ಅಲ್ಲಿ ಅರ್ಜಿ ಶುಲ್ಕ ಇಲ್ಲ. ಆದರೆ ಎಲ್ಲಿ ಹೋದರೂ ಮೊದಲು ಕೇಳುವುದು ಬಿಲ್ಲು. ಜಿಎಸ್‌ಟಿ ಉಳಿಸಿಕೊಡುತ್ತೇವೆ ಅಂತ ಬಿಳಿ ಹಾಳೆಯಲ್ಲಿ ಬರೆದುಕೊಟ್ಟರೆ ತೆಗೆದುಕೊಳ್ಳಬೇಡಿ.

ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು ಕಾದು ಉಂಡೆ ಕೊಬ್ಬರಿ ಮಾಡುತ್ತೇವೆ. ಕಾಯುವುದು ನಮಗೆ ಹೊಸದೇನಲ್ಲ. ನಾಲ್ಕು ತಿಂಗಳು ಕೂಡಿಟ್ಟ ಮೇಲೂ ಇಂಜೆಕ್ಷನ್ ಬೇಕು ಅನ್ನಿಸಿದರೆ ನಗದು ಕೊಟ್ಟು, ಬಿಲ್ಲು ತೆಗೆದುಕೊಂಡು ಮಾಡಿಸಿಕೊಳ್ಳಿ. ಬೇಡ ಅನ್ನಿಸಿದರೆ ಏಳು ಸಾವಿರ ರೂಪಾಯಿ ಕೈಯಲ್ಲೇ ಉಳಿಯಿತು.