ತೋಟದ ಲೆಕ್ಕಕ್ಕೆ ಕದ್ದ ಆಫೀಸೂ ಬೇಡ, ದುಡ್ಡಿನ ಆಫೀಸೂ ಬೇಡ

ಎರಡನೇ ಸಲದ ಮದ್ದು ನಿನ್ನೆಗೆ ಮುಗಿಯಿತು. ನಾಲ್ಕು ದಿನ ಮಳೆ ಹೊಳವಾದದ್ದೇ ಪುಣ್ಯ. ರಾತ್ರಿ ಊಟ ಆದ ಮೇಲೆ ಮೈಲುತುತ್ತು, ಸುಣ್ಣ, ಮರ ಹತ್ತುವವರ ಸಂಬಳ ಅಂತ ಒಂದೊಂದೇ ಕಂಪ್ಯೂಟರಿಗೆ ಏರಿಸ್ತಾ ಕೂತಿದ್ದೆ. ಪಕ್ಕದ ಮನೆಯವರು ಬಂದು ಇಣುಕಿದರು. "ಹ್ವಾಯ್, ಇದ್ ಎಕ್ಸೆಲ್ ಅಲ್ಲ ಅಲ್ದಾ? ಎಷ್ಟ್ ಕೊಟ್ರಿ?" ಅಂದರು. ಒಂದು ರೂಪಾಯಿಯೂ ಇಲ್ಲ ಅಂದೆ. "ಹಾಂಗಾರೆ ಕಳ್ಳ ಕಾಪಿಯಾ?" ಅದೂ ಅಲ್ಲ ಅಂದೆ. ಅವರಿಗೆ ನಂಬಿಕೆ ಬರಲಿಲ್ಲ.

ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಉದ್ದಕ್ಕೆ ಬರೀತಿದ್ದೇನೆ. ಬೈಂದೂರಿಂದ ಬ್ರಹ್ಮಾವರದವರೆಗೆ ನಮ್ಮ ಸುಮಾರು ಮನೆಗಳಲ್ಲಿ ಮಕ್ಕಳ ಓದಿಗೆ ಅಂತ ತಂದ ಒಂದು ಕಂಪ್ಯೂಟರ್ ಇದೆ. ಮಕ್ಕಳು ಓದಿ ಬೆಂಗಳೂರಿಗೆ ಹೋದರು, ಕಂಪ್ಯೂಟರ್ ಮನೆಯಲ್ಲೇ ಉಳಿಯಿತು. ಅದರಲ್ಲಿ ತೋಟದ ಲೆಕ್ಕ, ಭಜನಾ ಮಂಡಳಿಯ ಜಮಾಖರ್ಚು, ಗದ್ದೆಯ ಕಾಗದಪತ್ರದ ಅರ್ಜಿ ಬರೆಯುವುದಕ್ಕೆ ನಮಗೆ ಎಂತ ಬೇಕು, ಎಂತ ಬೇಡ ಅನ್ನುವುದೇ ವಿಷಯ.

ಮೊದಲು ನಾನು ಕೆಟ್ಟ ಕತೆ. ಅಪ್ಪಯ್ಯ ಇರುವಷ್ಟು ದಿನ ಲೆಕ್ಕ ಎಲ್ಲ ಕೆಂಪು ರಟ್ಟಿನ ಉದ್ದ ಪುಸ್ತಕದಲ್ಲಿತ್ತು. ಅವರು ಹೋದ ಮೇಲೆ ತೋಟ ನೋಡಿಕೊಳ್ಳುವವ ನಾನು, ಪಾಲು ಮೂವರಿಗೆ: ನಾನು, ತಮ್ಮ, ತಂಗಿ. ಜಾಗ ಪಾಲು ಮಾಡಲಿಲ್ಲ. ವರ್ಷಕ್ಕೊಮ್ಮೆ ದೀಪಾವಳಿ ಕಳೆದು ಒಂದು ಭಾನುವಾರ ಮೂವರೂ ಕೂತು ಲೆಕ್ಕ ನೋಡಿ ಹಂಚಿಕೊಳ್ಳುವುದು ಅಂತ ಮಾತಾಗಿತ್ತು. ನಾನು ಉಮೇದಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದೆ. ಕೊಟ್ಟವರು "ಐನೂರು ರೂಪಾಯಿ ಕೊಡಿ, ಆಫೀಸ್ ಹಾಕಿ ಕೊಡ್ತೆ" ಅಂದರು. ಒರಿಜಿನಲ್ಲೋ ಅಂತ ಕೇಳಬೇಕು ಅಂತಲೂ ನನಗೆ ಹೊಳೆಯಲಿಲ್ಲ. ಮೂರು ವರ್ಷದ ಲೆಕ್ಕ ಅದರಲ್ಲೇ ಬರೆದೆ.

ಒಂದು ದಿನ ಬೆಳಿಗ್ಗೆ ಕಂಪ್ಯೂಟರ್ ತೆರೆದರೆ ಎಲ್ಲ ಕಡತಗಳ ಹೆಸರಿನ ಬಾಲ ಬದಲಾಗಿದೆ. ಯಾವುದೂ ತೆರೆಯುವುದಿಲ್ಲ. ಇಂಗ್ಲಿಷಿನಲ್ಲಿ ಒಂದು ಚೀಟಿ: ಇಷ್ಟು ಡಾಲರ್ ಕಳಿಸಿ, ಬೀಗ ತೆಗೆದು ಕೊಡ್ತೇವೆ. ಆಮೇಲೆ ತಿಳಿದವರು ಹೇಳಿದರು. ಕಳ್ಳ ಕಾಪಿ ಕೂರಬೇಕಾದರೆ ಸುಮಾರು ಸಲ ಮೊದಲು ಕಂಪ್ಯೂಟರಿನ ವೈರಸ್ ಕಾವಲನ್ನು ಬಂದ್ ಮಾಡಬೇಕಾಗ್ತದೆ. ನನ್ನದರಲ್ಲೂ ಬಂದ್ ಮಾಡಿ ಹಾಗೆಯೇ ಬಿಟ್ಟಿದ್ದರು. ನಾಯಿಯನ್ನು ಕಟ್ಟಿಹಾಕಿ ಬಾಗಿಲು ತೆರೆದಿಟ್ಟ ಹಾಗೆ.

ಆ ವರ್ಷದ ದೀಪಾವಳಿ ಕಳೆದ ಭಾನುವಾರ ನನ್ನ ಕೈಯಲ್ಲಿ ಲೆಕ್ಕ ಇರಲಿಲ್ಲ. ತಮ್ಮ ಎಂತದೂ ಹೇಳಲಿಲ್ಲ. ತಂಗಿ ಮಾತ್ರ, "ಅಣ್ಣಯ್ಯ, ಲೆಕ್ಕ ಎಲ್ಲ ಬ್ಯಾಡ, ನೀವ್ ಕೊಟ್ಟಷ್ಟ್ ಸಾಕ್" ಅಂದಳು. ಅವಳು ಒಳ್ಳೆಯ ಮನಸ್ಸಿನಲ್ಲೇ ಹೇಳಿದ್ದು. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ ಮಾರ್ರೆ. ಲೆಕ್ಕ ತೋರಿಸಿ ಕೊಡುವುದು ಬೇರೆ, "ಕೊಟ್ಟಷ್ಟು ಸಾಕು" ಅನ್ನಿಸಿಕೊಂಡು ಕೊಡುವುದು ಬೇರೆ. ಅಪ್ಪಯ್ಯನ ಮೂವತ್ತು ವರ್ಷದ ಪುಸ್ತಕ ಅಟ್ಟದಲ್ಲಿ ಇನ್ನೂ ಓದುವ ಹಾಗೆ ಇದೆ. ನನ್ನ ಮೂರು ವರ್ಷದ್ದು ಇಲ್ಲ.

ಅಡಿಕೆ ಮಂಡಿಯ ಚೀಟಿ, ಸೊಸೈಟಿಯ ಗೊಬ್ಬರದ ರಶೀದಿ, ಬ್ಯಾಂಕಿನ ಪಾಸ್‌ಪುಸ್ತಕ ಹುಡುಕಿ ಅರ್ಧಂಬರ್ಧ ಕಟ್ಟಿದೆ. ತಂಗಿಯ ಮಗಳು ಕಾಲೇಜಿನವಳು, ರಜೆಗೆ ಬಂದಿದ್ದಳು. ಈ ಸಲ ಒರಿಜಿನಲ್ಲೇ ತೆಗೆದುಕೊಳ್ಳುವ ಅಂತ ನಾನು ಹೊರಟಾಗ, "ಮಾವ, ಇಷ್ಟ್ ಲೆಕ್ಕಕ್ಕೆ ದುಡ್ಡ್ ಎಂತಕ್ಕೆ?" ಅಂತ ಕೇಳಿದವಳು ಅವಳೇ. ಕಂಪ್ಯೂಟರನ್ನು ಪೂರಾ ಒರೆಸಿ, ಲಿಬ್ರೆಆಫೀಸ್ ಅನ್ನುವುದನ್ನು ಹಾಕಿ ಕೊಟ್ಟಳು. ಅದರ ಮೇಲೆ ಈಗ ಎರಡು ಕಾರ್ತಿ ಕಳೆಯಿತು.

ನನ್ನ ಅಭಿಪ್ರಾಯ ಇಷ್ಟೇ. ಹೈಬ್ರಿಡ್ ಬೀಜ ನಮಗೆ ಗೊತ್ತು. ಫಸಲು ಚಂದ ಬರ್ತದೆ, ಆದರೆ ವರ್ಷ ವರ್ಷ ಅಂಗಡಿಗೆ ಹೋಗಬೇಕು. ಚಂದಾ ಕಟ್ಟುವ ಆಫೀಸ್ ಹಾಗೆ. ಮೈಕ್ರೋಸಾಫ್ಟ್ 365 ಒಳ್ಳೆಯದೇ, ಆದರೆ ವರ್ಷಕ್ಕೆ ಸಾವಿರಾರು ರೂಪಾಯಿ, ಕಟ್ಟುವುದು ನಿಲ್ಲಿಸಿದರೆ ಕಡತ ನೋಡಬಹುದು, ತಿದ್ದಲಿಕ್ಕೆ ಆಗುವುದಿಲ್ಲ. ಲಿಬ್ರೆಆಫೀಸ್ ಅಂದರೆ ನಾವೇ ಎತ್ತಿಟ್ಟುಕೊಳ್ಳುವ ಎಂಒ-4 ಭತ್ತದ ಬೀಜದ ಹಾಗೆ. ನೀವು ಇಟ್ಟುಕೊಳ್ಳಬಹುದು, ಪಕ್ಕದವರಿಗೂ ಕೊಡಬಹುದು. ಪೆನ್‌ಡ್ರೈವಿನಲ್ಲಿ ಹಾಕಿ ಹತ್ತು ಮನೆಗೆ ಹಂಚಿದರೂ ಅದು ಕಳ್ಳತನ ಅಲ್ಲ, ಅದರ ಪರವಾನಗಿಯೇ ಹಾಗೆ ಇದೆ.

ಬಿಟ್ಟಿ ಅಂದ ಮೇಲೆ ಎಂತದೋ ಮೋಸ ಇರಬೇಕು ಅನ್ನುವವರಿಗೆ ಅದರ ಹಿನ್ನೆಲೆ. 1980ರ ದಶಕದಲ್ಲಿ ಜರ್ಮನಿಯ ಒಬ್ಬ ಹುಡುಗ ಶುರು ಮಾಡಿದ ಸ್ಟಾರ್ ಆಫೀಸ್ ಅದರ ಬೇರು. 1999ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಅದನ್ನು ಕೊಂಡು, 2000ದಲ್ಲಿ ಅದರ ಒಳಗಿನ ಬರವಣಿಗೆಯನ್ನೆಲ್ಲ ಎಲ್ಲರಿಗೂ ಬಿಟ್ಟುಕೊಟ್ಟಿತು. ಅದು ಓಪನ್ ಆಫೀಸ್ ಆಯಿತು. 2010ರಲ್ಲಿ ಸನ್ ಕಂಪನಿ ಒರೇಕಲ್ ಕೈಗೆ ಹೋದಾಗ, ಕೆಲಸ ಮಾಡುತ್ತಿದ್ದವರಲ್ಲಿ ಸುಮಾರು ಜನ ಬೇರೆಯಾಗಿ ಲಿಬ್ರೆಆಫೀಸ್ ಕಟ್ಟಿದರು. ಅದನ್ನು ನೋಡಿಕೊಳ್ಳುವುದು ಡಾಕ್ಯುಮೆಂಟ್ ಫೌಂಡೇಶನ್ ಅನ್ನುವ ಲಾಭಕ್ಕಲ್ಲದ ಸಂಸ್ಥೆ. ಮಾಲೀಕ ಬದಲಾದರೂ ಬೀಜ ಊರಲ್ಲೇ ಉಳಿಯಿತು ಅನ್ನಿ.

ಅದರಲ್ಲಿ ಪತ್ರ ಬರೆಯಲಿಕ್ಕೆ ರೈಟರ್, ಲೆಕ್ಕಕ್ಕೆ ಕ್ಯಾಲ್ಕ್. ನಮಗೆ ಮುಖ್ಯ ಕ್ಯಾಲ್ಕ್. ಒಂದು ಹಾಳೆಯಲ್ಲಿ ಹತ್ತು ಲಕ್ಷಕ್ಕಿಂತ ಹೆಚ್ಚು ಸಾಲು ಇದೆ, ನಮ್ಮ ಮೊಮ್ಮಕ್ಕಳ ಕಾಲಕ್ಕೂ ತುಂಬುವುದಿಲ್ಲ. ನಾನು ಮಾಡಿಕೊಂಡದ್ದು ಐದೇ ಕಾಲಮ್: ತಾರೀಕು, ಬಾಬ್ತು, ವಿವರ, ಬಂದದ್ದು, ಹೋದದ್ದು. ಬಾಬ್ತಿನಲ್ಲಿ ಸಂಬಳ, ಗೊಬ್ಬರ, ಮದ್ದು, ನೀರು, ಅಡಿಕೆ, ತೆಂಗು, ಭತ್ತ ಇಷ್ಟೇ ಶಬ್ದ. ಒಂದು ಸಲ "ಸಂಬಳ", ಇನ್ನೊಂದು ಸಲ "ಮಜೂರಿ" ಅಂತ ಬರೆಯಬೇಡಿ. ಕಂಪ್ಯೂಟರಿಗೆ ಎರಡೂ ಬೇರೆ ಬೇರೆ. ಸಮ್‌ಇಫ್ ಅನ್ನುವ ಒಂದು ಸೂತ್ರ ಕಲಿತರೆ "ಸಂಬಳ ಅಂತ ಇರುವ ಸಾಲುಗಳನ್ನು ಮಾತ್ರ ಕೂಡಿಸು" ಅಂತ ಹೇಳಬಹುದು. ಒಂದು ವರ್ಷದ್ದು ಕೂಡಿಸಿದಾಗ ಗೊತ್ತಾಯಿತು, ನಮ್ಮ ತೋಟದ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಸಂಬಳಕ್ಕೇ ಹೋಗ್ತದೆ. ಗೊಬ್ಬರದ ದರಕ್ಕೆ ಬೈಯ್ತಾ ಇದ್ದದ್ದು ನಾನು!

ಇನ್ನೊಂದು ಸಣ್ಣ ಹಾಳೆ ಬೋರ್ಡೋ ದ್ರಾವಣದ್ದು. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಅನ್ನುವುದು ಎಲ್ಲರಿಗೂ ಗೊತ್ತು. ಹೋದ ವರ್ಷ ಎಷ್ಟು ಡ್ರಮ್ ಹೋಯಿತು ಅಂತ ಬರೆದಿಟ್ಟದ್ದರಿಂದ ಈ ವರ್ಷ ಎಷ್ಟು ಕಿಲೋ ತರಬೇಕು ಅಂತ ಅದೇ ಹೇಳಿತು. ಮಳೆಯಲ್ಲಿ ಪುನಃ ಪೇಟೆಗೆ ಓಡುವ ಕೆಲಸ ತಪ್ಪಿತು.

ಈಗ ಕನ್ನಡದ ತಾಪತ್ರಯ. ದೈವಸ್ಥಾನದ ಜೀರ್ಣೋದ್ಧಾರ ಸಮಿತಿಯ ಹಳೆಯ ದಾನಿಗಳ ಪಟ್ಟಿಯನ್ನು ಯಾರೋ ಕಳಿಸಿದ್ದರು. ತೆರೆದರೆ ಬರೀ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ. ಲಿಬ್ರೆಆಫೀಸಿನ ದೋಷ ಅಂತ ನಾನು ಬೈದೆ. ತಪ್ಪು ಅದರದ್ದಲ್ಲ. ಹಿಂದೆ ಡಿಟಿಪಿ ಅಂಗಡಿಗಳಲ್ಲಿ ನುಡಿ, ಬರಹದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದು ಕಂಪ್ಯೂಟರಿನ ಒಳಗೆ ಕನ್ನಡ ಆಗಿ ಇರುವುದಿಲ್ಲ, ಇಂಗ್ಲಿಷ್ ಅಕ್ಷರಕ್ಕೆ ಕನ್ನಡದ ವೇಷ ಹಾಕಿರ್ತದೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ವೇಷ ಕಳಚಿ ಬೀಳ್ತದೆ. ಇದಕ್ಕೆ ಮದ್ದು ಇದೆ. ಕನ್ನಡ ಗಣಕ ಪರಿಷತ್ತಿನ ನುಡಿ ಉಚಿತ. ಹಳೆಯದನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕ ಅದರ ಜೊತೆಗೇ ಬರ್ತದೆ. ಹೊಸದಾಗಿ ಬರೆಯುವವರು ಯೂನಿಕೋಡಿನಲ್ಲೇ ಬರೀರಿ. ಮೊಬೈಲಿನಲ್ಲಿ ನಾವು ದಿನಾ ಬರೆಯುವ ಕನ್ನಡ ಅದೇ. ವಿಂಡೋಸ್ 10ರ ನಂತರದ್ದಾದರೆ ಕನ್ನಡದ ಕೀಲಿಮಣೆ ಒಳಗೇ ಇದೆ, ಸೆಟ್ಟಿಂಗಿನಲ್ಲಿ ಭಾಷೆ ಸೇರಿಸಿದರೆ ಆಯಿತು.

ಬಿಟ್ಟಿ ತಂತ್ರಾಂಶ ಅಂದರೆ ಹೊರಗಿನವರ ದಾನ ಅಂತ ತಿಳಿಯುವುದೂ ಬೇಡ. ನುಡಿಯಲ್ಲಿ ನಾವು ಒತ್ತುವ ಕೀಲಿಮಣೆಯ ವಿನ್ಯಾಸ ಕೆ.ಪಿ. ರಾವ್ ಅವರದ್ದು. ಕಿನ್ನಿಕಂಬಳದವರು, ನಮ್ಮ ಕರಾವಳಿಯವರೇ. ಅವರು ಮಾಡಿದ ಕನ್ನಡ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ "ಸೇಡಿಯಾಪು" ಅಂತ ಹೆಸರಿಟ್ಟು ಎಲ್ಲರಿಗೂ ಉಚಿತವಾಗಿ ಕೊಟ್ಟರು. ಹಂಚಿ ತಿನ್ನುವುದು ನಮಗೆ ಹೊಸತಲ್ಲ.

ಹಾಗಂತ ಲಿಬ್ರೆಆಫೀಸ್ ಎಲ್ಲದಕ್ಕೂ ಸರಿ ಅಂತ ನಾನು ಹೇಳುವುದಿಲ್ಲ. ಕಚೇರಿಯಿಂದ ಬರುವ ವರ್ಡ್ ಅರ್ಜಿಗಳಲ್ಲಿ ಕೆಲವು ಸಲ ಗೆರೆ, ಚೌಕ ಆಚೀಚೆ ಆಗ್ತದೆ. ಕಳಿಸುವಾಗ ಪಿಡಿಎಫ್ ಮಾಡಿ ಕಳಿಸಿದರೆ ಆ ಗೋಳು ಇಲ್ಲ, ಪಿಡಿಎಫ್ ಮಾಡುವ ಗುಂಡಿ ಮೇಲೆಯೇ ಇದೆ. ಮಗ ಮಗಳು ಎಕ್ಸೆಲ್ಲಿನಲ್ಲಿ ದೊಡ್ಡ ಕೆಲಸ ಮಾಡುವವರಾದರೆ ಅವರಿಗೆ ಎಕ್ಸೆಲ್ಲೇ ಬೇಕಾದೀತು, ಅವರು ದುಡ್ಡು ಕೊಟ್ಟು ತಕ್ಕೊಳ್ಳಲಿ. ಇನ್ನು ಹಳೆಯ ವಿಂಡೋಸ್ 7 ಅಥವಾ 8ರ ಕಂಪ್ಯೂಟರಿಗೆ ಲಿಬ್ರೆಆಫೀಸಿನ 25.8 ಆವೃತ್ತಿ ಕೂರುವುದಿಲ್ಲ, ಅದಕ್ಕಿಂತ ಹಿಂದಿನದ್ದು ಹಾಕಬೇಕು. ವಿಂಡೋಸ್ 10ಕ್ಕೂ, ಆಫೀಸ್ 2016, 2019ಕ್ಕೂ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ "ನನ್ನ ಹತ್ರ ಹಳೇ ಒರಿಜಿನಲ್ ಉಂಟಲ್ಲ" ಅಂತ ಕೂತವರೂ ಒಮ್ಮೆ ಯೋಚನೆ ಮಾಡುವುದು ಒಳ್ಳೆಯದು.

ಗೂಗಲ್ ಶೀಟ್ಸ್ ಇದೆಯಲ್ಲ ಅಂತ ಕೇಳುವವರಿದ್ದಾರೆ. ಇದೆ, ಉಚಿತ, 15 ಜಿಬಿ ಜಾಗ ಕೊಡ್ತಾರೆ, ಮೊಬೈಲಿನಲ್ಲೂ ತೆರೆಯಬಹುದು. ನಮ್ಮ ಭಜನಾ ಮಂಡಳಿಯ ಲೆಕ್ಕ ಅದರಲ್ಲೇ ಇದೆ. ನಾಲ್ಕು ಜನ ನಾಲ್ಕು ಕಡೆಯಿಂದ ಬರೆಯುವಲ್ಲಿ ಅದೇ ಚಂದ. ವರ್ಡ್, ಎಕ್ಸೆಲ್ಲಿನ ಉಚಿತ ಆವೃತ್ತಿಯೂ ಬ್ರೌಸರಿನಲ್ಲಿ ಸಿಗ್ತದೆ. ನಮ್ಮ ತಮಿಳುನಾಡಿನ ಜೋಹೋದವರದ್ದೂ ಇದೆ. ಆದರೆ ಇದೆಲ್ಲ ಇಂಟರ್ನೆಟ್ಟಿನ ಬಲದ ಮೇಲೆ ನಿಂತದ್ದು. ಆಟಿಯ ಮಳೆಗೆ ಮರ ಬಿದ್ದು ಮೂರು ದಿನ ಕರೆಂಟಿಲ್ಲದೆ, ಟವರೂ ಸತ್ತು ಕೂತ ಅನುಭವ ನಮಗೆಲ್ಲ ಇದೆ. ಅದಕ್ಕೆ ಮನೆಯ ಲೆಕ್ಕದ ಮೂಲ ಪ್ರತಿ ಮನೆಯ ಕಂಪ್ಯೂಟರಿನಲ್ಲೇ ಇರಬೇಕು ಅನ್ನುವುದು ನನ್ನ ಹಠ.

"ನಮಗೆ ಇದೆಲ್ಲ ಕಲಿಯಲಿಕ್ಕೆ ಆತಿಲ್ಲ" ಅನ್ನುವವರು ಒಮ್ಮೆ ಕಾಸರಗೋಡಿನ ಕಡೆ ನೋಡಿ. ಕೇರಳದ ಸರಕಾರಿ ಶಾಲೆಗಳಲ್ಲಿ ಎಷ್ಟೋ ವರ್ಷದಿಂದ ಕಂಪ್ಯೂಟರ್ ಪಾಠ ಮುಕ್ತ ತಂತ್ರಾಂಶದಲ್ಲೇ ನಡೀತದೆ. ಅಲ್ಲಿಯ ಕನ್ನಡ ಮಾಧ್ಯಮದ ಮಕ್ಕಳು ರೈಟರ್, ಕ್ಯಾಲ್ಕ್ ಶಾಲೆಯಲ್ಲೇ ಕಲೀತಾರೆ. ಹೈಸ್ಕೂಲು ಮಕ್ಕಳಿಗೆ ಬರುವುದು ನಮಗೆ ಬಾರದೆ ಇರಲಿಕ್ಕೆ ಕಾರಣ ಇಲ್ಲ.

ಹಾಕಿಕೊಳ್ಳುವವರಿಗೆ ಮೂರೇ ಮಾತು. ಒಂದು, ಲಿಬ್ರೆಆಫೀಸ್ ಡಾಟ್ ಆರ್ಗ್‌ನಿಂದಲೇ ಇಳಿಸಿಕೊಳ್ಳಿ. ಹುಡುಕುವಾಗ ಮೇಲೆ ಬರುವ ಜಾಹೀರಾತು ಒತ್ತಬೇಡಿ, ಕಾರ್ಡ್ ನಂಬರ್ ಕೇಳಿದರೆ ಅದು ಅಸಲಿ ಅಲ್ಲ. ಎರಡು, ವೈರಸ್ ಕಾವಲು ಬಂದ್ ಮಾಡಿ ಅಂತ ಹೇಳುವ ಯಾವುದನ್ನೂ ಹಾಕಬೇಡಿ. ಮೂರು, ತಿಂಗಳಿಗೊಮ್ಮೆ ಕಡತವನ್ನು ಪೆನ್‌ಡ್ರೈವಿಗೆ ಹಾಕಿ, ತೆಗೆದು ಬೇರೆ ಇಡಿ. ಪೆನ್‌ಡ್ರೈವ್ ಕಂಪ್ಯೂಟರಿಗೇ ಸಿಕ್ಕಿಸಿಟ್ಟರೆ ವೈರಸ್ ಅದನ್ನೂ ತಿನ್ನುತ್ತದೆ. ವರ್ಷದ ಕೊನೆಗೆ ಒಂದು ಪ್ರಿಂಟ್ ತೆಗೆದು ಅಟ್ಟದ ಪುಸ್ತಕದ ಜೊತೆ ಸೇರಿಸಿ.

ಹೋದ ದೀಪಾವಳಿಗೆ ಆ ಪ್ರಿಂಟನ್ನೇ ಮೂರು ಪ್ರತಿ ಮಾಡಿ ಇಟ್ಟಿದ್ದೆ. ತಂಗಿ ಕನ್ನಡಕ ಹಾಕಿ ಒಂದೊಂದೇ ಸಾಲು ಓದಿದಳು. "ಅಣ್ಣಯ್ಯ, ಇಲ್ಲ್ ತೆಂಗಿನಕಾಯಿ ಮಾರಿದ್ ಎರಡ್ ಸಲ ಬಂದಿತ್ತಲೆ?" ಅಂತ ಕೇಳಿದಳು. ನೋಡಿದರೆ ಹೌದು, ಎರಡು ಸಲ ಬರೆದಿದ್ದೆ. ತಪ್ಪು ಸಿಕ್ಕಿದ್ದಕ್ಕೆ ಅಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ.

ನನ್ನ ಖಾಲಿ ಹಾಳೆ ಬೇಕಾದವರು ಹೇಳಿ, ಕಳಿಸ್ತೇನೆ. ಕುಂದಾಪುರ ಸಂತೆ ದಿನ ಸಿಕ್ಕಿದರೆ ಪೆನ್‌ಡ್ರೈವ್ ತನ್ನಿ, ಲಿಬ್ರೆಆಫೀಸೂ ಹಾಕಿ ಕೊಡ್ತೇನೆ. ದುಡ್ಡು ಬೇಡ, ಒಂದು ಚಾ ಸಾಕು.