ಕೋವಿಯ ನಳಿಗೆಗೆ ಸ್ನಾನ

ಶಿವಮೊಗ್ಗೆಯ ಸುತ್ತಣ ಅಡಕೆತೋಟದ ಗೃಹಸ್ಥರಲ್ಲಿ ಕೆಲವರು ಮಂಗಗಳನ್ನು ಬೆದರಿಸಲೋಸುಗ ಪರವಾನಿಗೆಯ ಕೇಪಿನ ಕೋವಿಯನ್ನಿಟ್ಟಿರುವರು. ಈಡು ಹಾರಿಸಿದೊಡನೆ ನಳಿಗೆಗೆ ಎಣ್ಣೆ ಸವರಿ ತೂಗಹಾಕಿದರೆ ಸಾಕೆಂಬುದು ತಪ್ಪು ತಿಳಿವಳಿಕೆ. ಕರಿಮದ್ದಿನಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪು. ಅದು ಉರಿದುಳಿದ ಮಸಿಯಲ್ಲಿರುವ ಕ್ಷಾರವು ಮಲೆನಾಡಿನ ಮಳೆಗಾಳಿಯ ತೇವವನ್ನು ಹೀರಿ, ಎಣ್ಣೆಯ ಅಡಿಯಲ್ಲಿಯೇ ಉಕ್ಕನ್ನು ತಿನ್ನುವುದು. ಕ್ಷಾರವು ಕರಗುವುದು ನೀರಿನಲ್ಲಿ, ಎಣ್ಣೆಯಲ್ಲಲ್ಲ.

1923ರಲ್ಲಿ ಬೀಡುಕಬ್ಬಿಣವು ಹರಿಯತೊಡಗಿದ ಭದ್ರಾವತಿಯಲ್ಲಿ ಹುಟ್ಟಿ ಬೆಳೆದ ನನ್ನ ಬಂಧುವೊಬ್ಬರು, ತುಕ್ಕಿನ ವಿಚಾರವನ್ನು ತಮಗೆ ಹೇಳಬೇಕೇ ಎಂದು ನಕ್ಕಿದ್ದರು! ತೊಳೆಯದೆ ಎಣ್ಣೆ ಹಚ್ಚಿ ಚುನಾವಣೆಗೆ ಮುನ್ನ ಠಾಣೆಗೊಪ್ಪಿಸಿದ ಅವರ ಕೋವಿ ಮರಳಿದಾಗ, ನಳಿಗೆಯೊಳಗೆ ತುಕ್ಕಿನ ಕುಳಿಗಳು ಬಿದ್ದಿದ್ದುವು. ಅಂತಹ ನಳಿಗೆ ಸಿಡಿದರೆ ಹೋಗುವುದು ಹಿಡಿದವನ ಕೈ. ಅವರು ಆ ಕೋವಿಯನ್ನು ಮತ್ತೆ ಹಾರಿಸಲಿಲ್ಲ.

ಮೊದಲು ಕೇಪನ್ನು ತೆಗೆದು, ಗಜವನ್ನಿಳಿಸಿ ಅದು ತಳ ಮುಟ್ಟುವುದೇ ಎಂದು ನೋಡಿ, ಒಳಗೆ ಮದ್ದಿಲ್ಲವೆಂಬುದನ್ನು ನಿಶ್ಚಯಿಸತಕ್ಕದ್ದು. ಆಗಲೂ ಮೂತಿಗೆ ಮುಖವೊಡ್ಡಲಾಗದು. ಬಳಿಕ ಕುದಿನೀರೆರೆದು, ಗಜಕ್ಕೆ ಸುತ್ತಿದ ಹಳೆಯ ಪಂಚೆಯ ಚೂರಿನಿಂದ ನೀರು ತಿಳಿಯಾಗುವವರೆಗೆ ಉಜ್ಜಬೇಕು. ಬಿಸಿಯೇರಿದ ಉಕ್ಕು ಬೇಗನೆ ಆರುವುದು. ಒಣಬಟ್ಟೆಯು ಶುಭ್ರವಾಗಿ ಹೊರಬಂದ ಮೇಲೆಯೇ ಎಣ್ಣೆ. ಹೊಲಿಗೆಯಂತ್ರದ ಎಣ್ಣೆಯೇ ಸಾಕು. ಮರಳಿ ಮದ್ದು ತುಂಬುವ ಮುನ್ನ ಅದನ್ನೂ ಒರಸಿ ತೆಗೆಯಬೇಕು.