ನೂಲುವವರಿಲ್ಲದ ಬಾವುಟ

2021ರ ಡಿಸೆಂಬರ್ 30ರಂದು ಕೇಂದ್ರ ಸರ್ಕಾರ ಧ್ವಜ ಸಂಹಿತೆಗೆ ಕೈ ಹಾಕಿತು. ಅಲ್ಲಿಯತನಕ ರಾಷ್ಟ್ರಧ್ವಜವೆಂದರೆ ಕೈಯಲ್ಲಿ ನೂತು ಕೈಮಗ್ಗದಲ್ಲಿ ನೇಯ್ದ ಖಾದಿ. ಅಂದಿನಿಂದ ಯಂತ್ರದ ಪಾಲಿಸ್ಟರ್ ಕೂಡ ರಾಷ್ಟ್ರಧ್ವಜವೇ. ಮರುವರ್ಷ ಆಗಸ್ಟ್‌ನಲ್ಲಿ ಮನೆಮನೆಯ ಮೇಲೂ ತಿರಂಗಾ ಹಾರಿಸಿ ಎಂದು ಕರೆ ಕೊಟ್ಟರು, ಪಾಲಿಸ್ಟರ್ ಬಾವುಟಕ್ಕೂ ಜಿಎಸ್‌ಟಿ ಇಲ್ಲ ಎಂದರು. ಇದನ್ನು ದೇಶಭಕ್ತಿ ಅನ್ನುತ್ತಾರೆ. ನಾನು ಅನ್ನಲಾರೆ. ಬಡವರ ಕೂಲಿ ಕಿತ್ತು ಕಾರ್ಖಾನೆಯ ಕೈಗೆ ಕೊಟ್ಟ ವ್ಯಾಪಾರ ಇದು.

ಬಾವುಟಕ್ಕೆ ಖಾದಿಯೇ ಏಕೆ ಎಂದು ತಿಳಿಯಲು ಗಾಂಧಿಯತ್ತ ತಿರುಗಬೇಕು. 1922ರ ಮಾರ್ಚ್‌ನಲ್ಲಿ ಅಹಮದಾಬಾದಿನಲ್ಲಿ ರಾಜದ್ರೋಹದ ಆರೋಪಿಯಾಗಿ ನಿಂತ ಅವರು ತಮ್ಮ ಕಸುಬು ರೈತ ಮತ್ತು ನೇಕಾರ ಎಂದರು. ಓದಿದ್ದು ಬ್ಯಾರಿಸ್ಟರಿಕೆ. ಆರು ವರ್ಷ ಶಿಕ್ಷೆಯಾಯಿತು. ಇಂಗ್ಲೆಂಡಿನ ಲ್ಯಾಂಕಶೈರಿನ ಗಿರಣಿ ಬಟ್ಟೆ ನಮ್ಮ ಮೈಮೇಲಿರುವ ತನಕ ಬ್ರಿಟಿಷರ ಆಳ್ವಿಕೆ ನಮ್ಮ ಹೆಗಲ ಮೇಲಿರುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಆಳುವವರ ಬಣ್ಣ ಬದಲಾಗಿ ಆಳುವ ರೀತಿ ಉಳಿದರೆ ಅದು ಸ್ವರಾಜ್ಯವಲ್ಲ ಎಂದು 1909ರ 'ಹಿಂದ್ ಸ್ವರಾಜ್'ನಲ್ಲೇ ಬರೆದಿದ್ದರು.

ಅವರು ಕಾಂಗ್ರೆಸ್ ಅಧ್ಯಕ್ಷರಾದದ್ದು ಒಂದೇ ಸಲ, ನಮ್ಮ ಬೆಳಗಾವಿಯಲ್ಲಿ, 1924ರಲ್ಲಿ. ಅಲ್ಲಿ ಸದಸ್ಯತ್ವದ ಚಂದಾವನ್ನೇ ಬದಲಿಸಿದರು: ನಾಲ್ಕಾಣೆಯ ಬದಲು ತಿಂಗಳಿಗೆ 2,000 ಗಜ ನೂಲು. ವಕೀಲನಿರಲಿ, ಜಮೀನ್ದಾರನಿರಲಿ, ಹಂಜಿ ಹಿಡಿದು ಕೂರಲೇಬೇಕು. ತನಗೆ ನೂಲಲಾಗದಿದ್ದರೆ ಇನ್ನೊಬ್ಬರಿಂದ ನೂತಿಸಿಯಾದರೂ ಕೊಡಬೇಕು. ದೊಡ್ಡವರು ಗೊಣಗಿದರು, ನಿಯಮ ಬಹಳ ದಿನ ಬಾಳಲಿಲ್ಲ. ಆದರೂ ದೇಶಪ್ರೇಮಕ್ಕೆ ಬೆವರಿನ ಲೆಕ್ಕ ಕೇಳಿದ ಇನ್ನೊಬ್ಬ ನಾಯಕನನ್ನು ನಾನು ಕಂಡಿಲ್ಲ. 1931ರಲ್ಲಿ ಲ್ಯಾಂಕಶೈರಿಗೇ ಹೋಗಿ, ಕೆಲಸ ಕಳೆದುಕೊಂಡ ಗಿರಣಿ ಕಾರ್ಮಿಕರ ನಡುವೆ ನಿಂತು, ನನ್ನ ದೇಶದ ಹಸಿವು ನಿಮ್ಮದಕ್ಕಿಂತ ಘೋರ ಎಂದು ವಿವರಿಸಿದರು. ಆ ಕಾರ್ಮಿಕರು ಅವರನ್ನು ಪ್ರೀತಿಯಿಂದ ಸುತ್ತುವರಿದರು. ಗಾಂಧಿಯ ದೇಶಭಕ್ತಿಗೆ ದ್ವೇಷಿಸಲು ಒಬ್ಬ ವೈರಿ ಬೇಕಿರಲಿಲ್ಲ.

ಈಗ ಹುಬ್ಬಳ್ಳಿಯ ಬೆಂಗೇರಿಗೆ ಬನ್ನಿ. 1957ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಧ್ವಜ ಘಟಕ ಅಲ್ಲಿದೆ. ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರು. ಸ್ವತಂತ್ರ ಭಾರತದ ಮಾನಕಗಳಲ್ಲಿ ಮೊದಲ ಸಂಖ್ಯೆ ಪಡೆದದ್ದೇ ರಾಷ್ಟ್ರಧ್ವಜ, ಐಎಸ್ 1. ಅದರ ಪ್ರಕಾರ ಎಳೆ, ತೂಕ, ಬಣ್ಣ ಎಲ್ಲಕ್ಕೂ ಪರೀಕ್ಷೆ. ಅಶೋಕಚಕ್ರವನ್ನು ಬಟ್ಟೆಯ ಎರಡೂ ಮುಖಕ್ಕೆ ಅಚ್ಚೊತ್ತಬೇಕು; ಈ ಕಡೆಯ 24 ಗೆರೆಗಳ ಮೇಲೆ ಆ ಕಡೆಯ 24 ಗೆರೆ ಕರಾರುವಾಕ್ಕಾಗಿ ಕೂರಬೇಕು. ಕೂದಲೆಳೆಯಷ್ಟು ಸರಿದರೂ ಆ ಬಾವುಟ ಬಾವುಟವಲ್ಲ. ಇಷ್ಟು ಶಿಸ್ತನ್ನು ಬಡ ಹೆಣ್ಣುಮಕ್ಕಳಿಂದ ವರ್ಷಗಟ್ಟಲೆ ವಸೂಲಿ ಮಾಡಿದ ಸರ್ಕಾರ, 2022ರಲ್ಲಿ ಓರೆಯಾಗಿ ಕತ್ತರಿಸಿದ, ಚಕ್ರ ಸೊಟ್ಟಗಾದ ಪಾಲಿಸ್ಟರ್ ತುಂಡುಗಳು ಬೀದಿಬೀದಿಯಲ್ಲಿ ಹಾರಿದಾಗ ಕಣ್ಣು ಮುಚ್ಚಿಕೊಂಡಿತು. ಖಾದಿಯವರು ಹುಬ್ಬಳ್ಳಿಯಲ್ಲಿ ಧರಣಿ ಕೂತರು. ದೆಹಲಿಗೆ ಕೇಳಿಸಲಿಲ್ಲ.

ಕಾಂಗ್ರೆಸ್ಸಿಗರೂ ಎದೆ ತಟ್ಟಿಕೊಳ್ಳಬೇಕಿಲ್ಲ. ಗರಿಗರಿ ಖಾದಿ ತೊಟ್ಟು ದಶಕಗಳ ಕಾಲ ಆಳಿದವರು ನೂಲುವವಳ ಕೂಲಿಯನ್ನು ಹೊಟ್ಟೆ ತುಂಬುವಷ್ಟು ಏರಿಸಲಿಲ್ಲ. ಅವಳ ಮಗಳು ಚರಕ ಬಿಟ್ಟು ಬೇರೆ ಕೆಲಸ ಹುಡುಕಿದ್ದರೆ ಆ ಪಾಪದಲ್ಲಿ ಇವರಿಗೂ ಪಾಲಿದೆ.

ಅಗ್ಗದ ಬಾವುಟ ಬೇಕಲ್ಲವೇ, ಬಡವನೂ ಹಾರಿಸಬೇಡವೇ ಎಂದು ವಾದಿಸುವವರಿದ್ದಾರೆ. ಹಾರಿಸಲಿ. ಜಾಹೀರಾತಿಗೆ ಸುರಿದ ಹಣದಲ್ಲಿ ಖಾದಿ ಬಾವುಟಕ್ಕೆ ಸಹಾಯಧನ ಕೊಡಿ, ಹಳ್ಳಿಹಳ್ಳಿಯ ನೂಲುವ ಕೇಂದ್ರಗಳಿಗೆ ವರ್ಷವಿಡೀ ಬೇಡಿಕೆ ಕೊಡಿ. ಮೊದಲು ಧ್ವಜ ಸಂಹಿತೆಯ ಆ ತಿದ್ದುಪಡಿಯನ್ನು ಹಿಂತೆಗೆದುಕೊಳ್ಳಿ. ಆದೇಶದಿಂದ ಬಂದದ್ದು ಆದೇಶದಿಂದಲೇ ಹೋಗಬಲ್ಲದು. ಅದಕ್ಕೆ ಒಂದು ಸಹಿ ಸಾಕು.